ನಸುಗೆಂಪು ಟ್ಯೂಬುಗಳು

ತುರ್ತು ಚಿಕಿತ್ಸಾ ವಿಭಾಗದಲ್ಲಿ ಅವಳಿಗೆ ಸೊಳ್ಳೆಯಕ್ಕ ಎಂದೇ ಹೆಸರು. ಇಟ್ಟವನು ಒಬ್ಬ ಆಂಬುಲೆನ್ಸ್ ಡ್ರೈವರ್. ಅವನು ರೋಗಿಯನ್ನು ಇಳಿಸಿ ಸ್ಟ್ರೆಚರ್ ತಳ್ಳಿಕೊಂಡು ಬರುವಷ್ಟರಲ್ಲಿ ಇವಳು ಸೂಜಿ, ಹತ್ತಿ, ಎರಡು ಖಾಲಿ ಟ್ಯೂಬು ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಬಂದ್ರು ನೋಡಿ ಸೊಳ್ಳೆಯಕ್ಕ, ರಕ್ತದ ವಾಸನೆ ಇವರ ಮೂಗಿಗೆ ಮೊದಲೇ ಬಡೀತದೆ" ಅಂದುಬಿಟ್ಟ. ಹೆಸರು ಅಂಟಿಕೊಂಡಿತು. ಮೊದಮೊದಲು ಅವಳು ಮುಖ ಸಿಂಡರಿಸಿದಳು. ಆಮೇಲಾಮೇಲೆ ತಾನೇ ಫೋನೆತ್ತಿ "ಸೊಳ್ಳೆಯಕ್ಕ ಮಾತಾಡ್ತಿರೋದು" ಎನ್ನುವ ಮಟ್ಟಕ್ಕೆ ಬಂದಳು.

ಇಪ್ಪತ್ತು ವರ್ಷ ವಾರ್ಡಿನಲ್ಲಿ ನರ್ಸಾಗಿ ದುಡಿದು ಸೊಂಟ ಹಿಡಿದುಕೊಂಡ ಮೇಲೆ ಅವಳು ಸಂಶೋಧನೆಯ ಕೆಲಸಕ್ಕೆ ಬಂದವಳು. ರೋಗಿಗಳನ್ನು ಎತ್ತುವ, ಮಗ್ಗುಲು ಬದಲಿಸುವ ಕಷ್ಟ ಇಲ್ಲಿರಲಿಲ್ಲ. ಇದ್ದ ಕೆಲಸ ಇಷ್ಟೇ: ಎದೆ ಹಿಡಿದುಕೊಂಡೋ ಉಸಿರು ಸಿಕ್ಕದೆಯೋ ಬಂದವರಿಂದ ಎರಡು ಟ್ಯೂಬು ರಕ್ತ ತೆಗೆಯುವುದು. ಮೂರು ಗಂಟೆ ಬಿಟ್ಟು ಮತ್ತೆ ಎರಡು, ಮರುದಿನ ಬೆಳಿಗ್ಗೆ ಇನ್ನೆರಡು.

ಈ ಅಧ್ಯಯನವನ್ನು ಶುರುಮಾಡಿದ್ದು ದೊಡ್ಡ ಡಾಕ್ಟರು. ಆಳು ಗಿಡ್ಡ, ಹುದ್ದೆ ದೊಡ್ಡದು. ಅವರ ತಲೆಯಲ್ಲಿದ್ದ ಪ್ರಶ್ನೆ ಸರಳವಾದದ್ದು. ಹೃದಯದ ರಕ್ತನಾಳ ಕಟ್ಟಿಕೊಂಡವನೂ ಬೆವರುತ್ತಾನೆ, ಶ್ವಾಸಕೋಶದ ನಾಳಕ್ಕೆ ಹೆಪ್ಪುಗಟ್ಟಿದ ರಕ್ತ ಬಂದು ಸಿಕ್ಕಿಕೊಂಡವನೂ ಬೆವರುತ್ತಾನೆ. ಇಬ್ಬರೂ ಎದೆ ಹಿಡಿದುಕೊಳ್ಳುತ್ತಾರೆ, ಇಬ್ಬರ ಕಣ್ಣಲ್ಲೂ ಅದೇ ಹೆದರಿಕೆ. ಯಾವುದು ಯಾವುದು ಎಂದು ಖಚಿತವಾಗಿ ಹೇಳಲು ಸ್ಕ್ಯಾನ್ ಬೇಕು, ಸ್ಕ್ಯಾನಿಗೆ ಹೊತ್ತು ಬೇಕು, ಸಣ್ಣ ಆಸ್ಪತ್ರೆಗಳಲ್ಲಂತೂ ಆ ಯಂತ್ರವೇ ಇರುವುದಿಲ್ಲ. ಆದರೆ ಇಂಥ ಪೆಟ್ಟು ಬಿದ್ದ ಕೂಡಲೇ ಮೈಯೊಳಗಿನ ಜೀವಕೋಶಗಳು ಕೆಲವು ಜೀನುಗಳ ಬಾಯಿ ಮುಚ್ಚಿಸುತ್ತವೆ, ಕೆಲವುಗಳ ಬಾಯಿ ಬಿಡಿಸುತ್ತವೆ. ಹಾಗೆ ಮುಚ್ಚಿಸುವ, ಬಿಡಿಸುವ ಕೆಲಸದ ಪುಟ್ಟ ಪುಟ್ಟ ಅಣುಗಳು ರಕ್ತಕ್ಕೂ ಸೋರುತ್ತವೆ. ಅವುಗಳಲ್ಲಿ ಒಂದಾದರೂ 'ಇದು ಹೃದಯ', 'ಇದು ಶ್ವಾಸಕೋಶ' ಎಂದು ಹೇಳಿಕೊಟ್ಟರೆ ಒಂದು ಹನಿ ರಕ್ತದಲ್ಲಿ ಉತ್ತರ ಸಿಕ್ಕಂತೆ. ದೊಡ್ಡ ಡಾಕ್ಟರು ಹುಡುಕುತ್ತಿದ್ದದ್ದು ಅದನ್ನೇ.

ರಕ್ತ ತೆಗೆಯುವುದು ಸೊಳ್ಳೆಯಕ್ಕನಿಗೆ ನೀರು ಕುಡಿದಷ್ಟು ಸುಲಭ. ಕಷ್ಟವಿದ್ದದ್ದು ಕೇಳುವುದರಲ್ಲಿ. ಗಂಡನೋ ಅಮ್ಮನೋ ಒಳಗೆ ಜೀವಕ್ಕೆ ಹೋರಾಡುತ್ತಿರುವಾಗ ಹೊರಗೆ ಬೆಂಚಿನ ಮೇಲೆ ಕೂತವರ ಎದುರು ನಾಲ್ಕು ಪುಟದ ಒಪ್ಪಿಗೆ ಪತ್ರ ಹಿಡಿಯಬೇಕು. ಅವಳು ನಿಂತು ಕೇಳುತ್ತಿರಲಿಲ್ಲ, ಪಕ್ಕದಲ್ಲಿ ಕೂತು ಕೇಳುತ್ತಿದ್ದಳು. ಇಲ್ಲ ಅಂದವರಿಗೆ "ಪರವಾಗಿಲ್ಲ" ಎಂದು ನೀರಿನ ಲೋಟ ತಂದುಕೊಟ್ಟು ಎದ್ದು ಹೋಗುತ್ತಿದ್ದಳು. ಆದರೂ ಹತ್ತರಲ್ಲಿ ಎಂಟು ಮಂದಿ ಒಪ್ಪುತ್ತಿದ್ದರು.

ಎಪ್ಪತ್ತಮೂರನೆಯ ರೋಗಿ ಒಬ್ಬ ಬಡಗಿ. ಬಾಗಿಲ ಚೌಕಟ್ಟು ಕೂರಿಸುವಾಗ ಏಣಿಯಿಂದ ಬಿದ್ದು ಕಾಲು ಮುರಿದು, ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೂರೂವರೆ ವಾರ ಮಲಗಿದಲ್ಲೇ ಮಲಗಿದ್ದ. ಆ ದಿನ ಬೆಳಿಗ್ಗೆ ಬಚ್ಚಲಿಗೆಂದು ಎದ್ದವನು ಎರಡು ಹೆಜ್ಜೆ ಇಟ್ಟು ಗೋಡೆಗೆ ಒರಗಿ, "ಉಸಿರು ಸಾಲ್ತಿಲ್ಲ ಕಣೇ" ಅಂದನಂತೆ. ಆಸ್ಪತ್ರೆಗೆ ತಂದಾಗ ಹತ್ತು ಇಪ್ಪತ್ತು. ತುಟಿ ನೀಲಿಗಟ್ಟಿತ್ತು.

ಅವನ ಹೆಂಡತಿ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಬೀದಿಯವರೆಲ್ಲ ಟೈಲರಮ್ಮ ಅನ್ನುತ್ತಿದ್ದರು. ಅಳತೆಯ ಟೇಪು ಕೊರಳಲ್ಲಿ ಹಾಗೇ ಇತ್ತು, ತೆಗೆಯುವ ಪರಿವೆ ಎಲ್ಲಿಂದ ಬರಬೇಕು. ಸೊಳ್ಳೆಯಕ್ಕ ಪಕ್ಕದಲ್ಲಿ ಕೂತು ವಿಷಯ ಹೇಳಿದಳು. ಟೈಲರಮ್ಮ ಪೂರ್ತಿ ಕೇಳಿಸಿಕೊಂಡಳು.

"ಇದರಿಂದ ಅವರಿಗೆ ಏನಾದ್ರೂ ಉಪಯೋಗ ಇದೆಯಾ?"

"ಈಗ ಅವರಿಗೆ ಇಲ್ಲಮ್ಮ. ಮುಂದೆ ಬರೋರಿಗೆ ಆಗಬಹುದು."

"ಸುಳ್ಳು ಹೇಳಲಿಲ್ಲವಲ್ಲ, ಅಷ್ಟೇ ಸಾಕು. ತಗೊಳ್ಳಿ. ಆದ್ರೆ ಏನು ಗೊತ್ತಾದ್ರೂ ನೀವೇ ಬಂದು ನನಗೆ ಹೇಳ್ಬೇಕು."

"ಹೇಳ್ತೀನಿ" ಅಂದಳು ಸೊಳ್ಳೆಯಕ್ಕ.

ಒಬ್ಬೊಬ್ಬರ ಫಲಿತಾಂಶವನ್ನು ಬೇರೆಬೇರೆಯಾಗಿ ತಿಳಿಸಲಾಗುವುದಿಲ್ಲ ಎಂದು ಒಪ್ಪಿಗೆ ಪತ್ರದಲ್ಲೇ ಅಚ್ಚಾಗಿತ್ತು. ಅದು ಅವಳಿಗೆ ಬಾಯಿಪಾಠ. ಆದರೆ ಆ ಮುಖ ನೋಡಿಕೊಂಡು ನಿಯಮ ಓದಿ ಹೇಳಲು ಅವಳಿಂದ ಆಗಲಿಲ್ಲ. ಬಡಗಿಯನ್ನು ಹನ್ನೆರಡರ ಹೊತ್ತಿಗೆ ದೊಡ್ಡ ಕಟ್ಟಡದ ತೀವ್ರ ನಿಗಾ ಘಟಕಕ್ಕೆ ಸಾಗಿಸಿದರು. ಒಂದೂ ಇಪ್ಪತ್ತಕ್ಕೆ ಅವಳು ಅಲ್ಲಿಗೇ ಹೋಗಿ, ಮೂರು ಗಂಟೆ ಬಿಟ್ಟು ತೆಗೆಯಬೇಕಿದ್ದ ಎರಡನೆಯ ಸಲದ ರಕ್ತ ತೆಗೆದಳು. ಸಂಜೆ ನಾಲ್ಕಕ್ಕೆ ಅವನು ತೀರಿಕೊಂಡ.

ಒಂದು ವರ್ಷ ಕಳೆಯಿತು. ನೂರ ಮೂವತ್ತೆರಡು ಜನರ ರಕ್ತ ಫ್ರೀಜರಿನಲ್ಲಿ ಸಾಲುಗಟ್ಟಿ ನಿಂತ ಮೇಲೆ, ಬಂದ ಕೂಡಲೇ ತೆಗೆದಿದ್ದ ಮೊದಲ ಟ್ಯೂಬುಗಳ ಪರೀಕ್ಷೆ ನಡೆಯಿತು. ಅಂಕಿ ಅಂಶ ನೋಡಿಕೊಳ್ಳುತ್ತಿದ್ದವಳು ಒಬ್ಬ ಚಿಕ್ಕ ವಯಸ್ಸಿನ ಸಂಶೋಧಕಿ. ಸೊಳ್ಳೆಯಕ್ಕ ಅವಳನ್ನು ಲೆಕ್ಕದವಳು ಅನ್ನುತ್ತಿದ್ದಳು. ಮಾತು ಪಟಪಟನೆ, ಊಟ ಮಾಡುವುದು ಕಂಪ್ಯೂಟರಿನ ಎದುರಿಗೇ. ಆ ದಿನ ಅವಳು ಓಡೋಡಿ ಬಂದು, "ಅಕ್ಕಾ, ಸಿಕ್ತು" ಅಂದಳು. ಒಂದು ಅಣು, ಶ್ವಾಸಕೋಶದಲ್ಲಿ ಹೆಪ್ಪು ಸಿಕ್ಕಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನರ ರಕ್ತದಲ್ಲಿ ಗಗನಕ್ಕೇರಿತ್ತು. ಹೃದಯಾಘಾತದವರಲ್ಲಿ ಅದರ ಸುಳಿವೇ ಇರಲಿಲ್ಲ. ಅವಳು ತೋರಿಸಿದ ಹಾಳೆಯಲ್ಲಿ ಹೆಸರುಗಳಿರಲಿಲ್ಲ, ಸಂಖ್ಯೆಗಳಷ್ಟೇ. ಎಪ್ಪತ್ತಮೂರು ಮೇಲಿನಿಂದ ಮೂರನೆಯದು.

ಅದೇ ವಾರ ಸೊಳ್ಳೆಯಕ್ಕ ಯೂನಿಫಾರ್ಮಿನ ಸೊಂಟ ಸಡಿಲ ಮಾಡಿಸಿಕೊಳ್ಳಲು ಟೈಲರಮ್ಮನ ಅಂಗಡಿಗೆ ಹೋದಳು. ಬೇರೆ ಅಂಗಡಿ ಇರಲಿಲ್ಲವೆಂದಲ್ಲ. ಹೇಳಬೇಕೆಂಬ ಆಸೆ ತಡೆಯಲಾಗಿರಲಿಲ್ಲ. ಟೈಲರಮ್ಮ ಟೇಪು ಸುತ್ತಿ ಅಳತೆ ಬರೆದುಕೊಳ್ಳುತ್ತ, "ನಮ್ಮವರ ರಕ್ತದಿಂದ ಏನಾದ್ರೂ ಗೊತ್ತಾಯ್ತಾ?" ಎಂದು ಕೇಳಿಯೇ ಕೇಳಿದಳು.

"ಒಂದು ವಿಷಯ ಸಿಕ್ಕಿದೆ" ಅಂದಳು ಸೊಳ್ಳೆಯಕ್ಕ. "ಅವರ ರಕ್ತದಲ್ಲಿ ಎದ್ದು ಕಾಣ್ತಿದೆ. ಜೀನಿಗೆ ಸಂಬಂಧಪಟ್ಟಿದ್ದು."

ಟೈಲರಮ್ಮ ತಲೆಯಾಡಿಸಿದಳು. ಮುಂದೆ ಏನೂ ಕೇಳಲಿಲ್ಲ. ಸೊಳ್ಳೆಯಕ್ಕ ಒಳ್ಳೆಯ ಕೆಲಸ ಮಾಡಿದೆನೆಂಬ ಖುಷಿಯಲ್ಲೇ ಮನೆಗೆ ಬಂದಳು.

ಮೂರು ತಿಂಗಳು ಹೀಗೇ ಹೋಯಿತು. ದೊಡ್ಡ ಡಾಕ್ಟರು ಈ ವಿಷಯವನ್ನು ವೈದ್ಯರ ಒಂದು ದೊಡ್ಡ ಸಮ್ಮೇಳನದಲ್ಲಿ ಮಂಡಿಸುವುದೆಂದು ನಿಶ್ಚಯವಾಯಿತು. ಅದಕ್ಕೆ ಒಂಬತ್ತು ದಿನ ಉಳಿದಿರುವಾಗ, ತಯಾರಿ ನೋಡೋಣವೆಂದು ಎಲ್ಲರನ್ನೂ ಕೂರಿಸಿಕೊಂಡು ಲೆಕ್ಕದವಳು ಗೋಡೆಯ ಮೇಲೆ ಚಿತ್ರ ಮೂಡಿಸಿದಳು. ಒಬ್ಬೊಬ್ಬ ರೋಗಿಗೆ ಒಂದೊಂದು ಚುಕ್ಕೆ, ಪಕ್ಕದಲ್ಲಿ ಸಂಖ್ಯೆ. ಕೆಳಗೆ ದಟ್ಟವಾಗಿ ಒಂದು ಗುಂಪು, ಮೇಲೆ ಬೇರೆಯಾಗಿ ಹತ್ತೊಂಬತ್ತು ಚುಕ್ಕೆ. ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಸೊಳ್ಳೆಯಕ್ಕ ಮೇಲಿನ ಸಂಖ್ಯೆಗಳನ್ನು ಓದುತ್ತಾ ಹೋದಳು. ಉಳಿದವರಿಗೆ ಅವು ಸಂಖ್ಯೆ, ಅವಳಿಗೆ ಮನುಷ್ಯರು. ಐವತ್ತೆಂಟು ಹೆರಿಗೆಯಾಗಿ ಹದಿನೈದು ದಿನವಾಗಿದ್ದ ಶಾಲೆಯ ಟೀಚರ್. ಅರವತ್ತೊಂದು ಪೋಸ್ಟ್‌ಮ್ಯಾನ್. ಅರವತ್ತಾರು ಹದಿನಾಲ್ಕು ತಾಸು ವಿಮಾನದಲ್ಲಿ ಕೂತು ಬಂದಿದ್ದ ಕೊಳಲು ನುಡಿಸುವವನು. ಪಾಪ, ಊದಲು ಉಸಿರಿಲ್ಲದೆ ಬಂದಿದ್ದ. ಎಪ್ಪತ್ತಮೂರು ಬಡಗಿ. ಹೀಗೆ ಒಬ್ಬೊಬ್ಬರನ್ನೇ ನೆನೆಯುತ್ತಿರುವಾಗ ಅವಳಿಗೆ ಹೊಳೆಯಿತು: ಇವರೆಲ್ಲರ ಟ್ಯೂಬನ್ನೂ ನಾನು ಅಂಗಳ ದಾಟಿಸಿದ್ದೆ.

ನಡೆದದ್ದು ಹೀಗೆ. ತೆಗೆದ ರಕ್ತವನ್ನು ಅರ್ಧ ಗಂಟೆಯೊಳಗೆ ಒಂದು ಯಂತ್ರದಲ್ಲಿಟ್ಟು ಗಿರಗಿರನೆ ತಿರುಗಿಸಬೇಕು. ಆಗ ಕೆಂಪು ಕಣಗಳು ತಳಕ್ಕೆ ಕೂತು ಮೇಲೆ ತಿಳಿಹಳದಿ ನೀರು ನಿಲ್ಲುತ್ತದೆ. ಫ್ರೀಜರಿಗೆ ಹೋಗುವುದು ಆ ನೀರು, ಅಣುಗಳನ್ನು ಎಣಿಸುವುದೂ ಅದರಲ್ಲೇ. ತುರ್ತು ವಿಭಾಗದಲ್ಲಿದ್ದ ಯಂತ್ರ ಹೋದ ವರ್ಷ ಕೆಟ್ಟು ನಾಲ್ಕು ತಿಂಗಳು ರಿಪೇರಿಗೆ ಹೋಗಿತ್ತು. ಅಷ್ಟು ದಿನ ಅವಳು ಟ್ಯೂಬುಗಳನ್ನು ತಳ್ಳುಗಾಡಿಯಲ್ಲಿಟ್ಟು, ಕಲ್ಲು ಹಾಸಿದ ಅಂಗಳದಲ್ಲಿ ಗಡಗಡ ಉರುಳಿಸಿಕೊಂಡು ದೊಡ್ಡ ಕಟ್ಟಡದ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದಳು. ಹೃದಯಾಘಾತದವರ ವಿಷಯದಲ್ಲಿ ತೊಂದರೆ ಇರಲಿಲ್ಲ. ಅವರನ್ನು ಬಂದ ಕೂಡಲೇ ಆ ಕಟ್ಟಡಕ್ಕೇ ಒಯ್ಯುತ್ತಿದ್ದರು, ರಕ್ತ ತೆಗೆಯುತ್ತಿದ್ದದ್ದೂ ಅಲ್ಲೇ, ಯಂತ್ರ ಪಕ್ಕದ ಕೋಣೆಯಲ್ಲಿತ್ತು. ಉಸಿರಿನ ತೊಂದರೆಯವರು ಮಾತ್ರ ಸ್ಕ್ಯಾನಿಗೆ ಕಾಯುತ್ತ ತುರ್ತು ವಿಭಾಗದಲ್ಲೇ ಇರುತ್ತಿದ್ದರು. ಅವರ ಟ್ಯೂಬುಗಳೂ ಅಲ್ಲೇ ಕಾಯುತ್ತಿದ್ದವು. ಅವಳಿಗೆ ಬಿಡುವಾಗಬೇಕು, ಆಮೇಲೆ ತಾನೇ ಅಂಗಳ ದಾಟುವುದು.

ಸಭೆ ಮುಗಿದ ಮೇಲೆ ಅವಳು ಊಟಕ್ಕೆ ಹೋಗದೆ ಪ್ರಯೋಗಾಲಯದ ಬಾಗಿಲಲ್ಲಿದ್ದ ಹಳೇ ರಿಜಿಸ್ಟರ್ ತೆಗೆದು ಕೂತಳು. ರಕ್ತ ತೆಗೆದ ಹೊತ್ತು ಅವಳ ಫಾರ್ಮಿನಲ್ಲಿತ್ತು, ಟ್ಯೂಬು ಯಂತ್ರಕ್ಕೆ ಬಂದ ಹೊತ್ತು ರಿಜಿಸ್ಟರಿನಲ್ಲಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಯಾರೂ ನೋಡಿರಲಿಲ್ಲ. ಐವತ್ತೆಂಟು: ಒಂದು ಗಂಟೆ ಐವತ್ತು ನಿಮಿಷ. ಅರವತ್ತೊಂದು: ಎರಡು ಗಂಟೆ ಹತ್ತು. ಎಪ್ಪತ್ತಮೂರು: ಎರಡು ಗಂಟೆ ನಲವತ್ತು, ಆ ದಿನ ಬಡಗಿಯ ಹೆಂಡತಿಯ ಜೊತೆ ಅವಳೇ ಬಹಳ ಹೊತ್ತು ಕೂತಿದ್ದಳು. ಹೊತ್ತುಗಟ್ಟಲೆ ಹಾಗೇ ಇಟ್ಟ ರಕ್ತದಲ್ಲಿ, ಅದರಲ್ಲೂ ಕುಲುಕಾಡಿದ ರಕ್ತದಲ್ಲಿ, ಕೆಂಪು ಕಣ ಒಡೆಯುತ್ತದೆ. ಒಳಗಿದ್ದದ್ದೆಲ್ಲ ನೀರಿಗೆ ಸೇರುತ್ತದೆ. ಇದು ಅವಳಿಗೆ ನರ್ಸಿಂಗ್ ಓದುವಾಗಿನಿಂದ ಗೊತ್ತಿದ್ದ ಸಂಗತಿ. ಆಗ ಕೆಲವು ಟ್ಯೂಬುಗಳ ನೀರು ನಸುಗೆಂಪಾಗಿ ಕಂಡದ್ದೂ ನೆನಪಿತ್ತು. ಅಷ್ಟೇನೂ ಇಲ್ಲ ಎಂದು ಬಿಟ್ಟಿದ್ದಳು.

ಆ ಸಂಜೆ ಮನೆಯಲ್ಲಿ ಗಂಡ ಎರಡು ಸಲ ಏನಾಯ್ತೆಂದು ಕೇಳಿ ಸುಮ್ಮನಾದ. ಅತ್ತೆ ಅಷ್ಟು ಸುಲಭಕ್ಕೆ ಬಿಡುವವರಲ್ಲ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು, ಬಾಯಿ ಬಿಡಿಸುವುದರಲ್ಲಿ ಪಳಗಿದವರು. ಬಟಾಣಿ ಸುಲಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡರು.

"ಅಂದ್ರೆ ನೀನು ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲ?"

"ಸದ್ಯಕ್ಕೆ ಗೊತ್ತಾಗಲ್ಲ ಅತ್ತೆ. ಹೇಳಿದ್ರೆ ಅವರ ಎರಡು ವರ್ಷದ ಕೆಲಸ ನೆಲ ಕಚ್ಚುತ್ತೆ. ತಡ ಮಾಡಿದವಳೂ ನಾನೇ."

"ನಾವು ತಪ್ಪು ಕನೆಕ್ಷನ್ ಕೊಟ್ಟಿದ್ದು ಗೊತ್ತಾದ ತಕ್ಷಣ ವೈರು ಕಿತ್ತು, 'ಕ್ಷಮಿಸಿ' ಅಂತಿದ್ವಿ. ಬೈಸಿಕೊಳ್ತಿದ್ವಿ ಅನ್ನು. ಕೀಳದೆ ಬಿಟ್ರೆ ಅವರು ಯಾರೋ ಗೊತ್ತಿಲ್ಲದವರ ಹತ್ರ ಮನೆ ವಿಷಯ ಎಲ್ಲಾ ಮಾತಾಡ್ತಾ ಕೂತಿರ್ತಿದ್ರು." ಅತ್ತೆ ಸಿಪ್ಪೆಯ ತಟ್ಟೆ ಅವಳ ಕೈಗೆ ಕೊಟ್ಟರು. "ಇದನ್ನ ಚೆಲ್ಲಿ ಬಾ. ನಾಳೆ ಬೇಗ ಹೋಗು."

ಮರುದಿನ ಬೆಳಿಗ್ಗೆ ಎಂಟಕ್ಕೆ ಅವಳು ದೊಡ್ಡ ಡಾಕ್ಟರ ಕೋಣೆಯ ಬಾಗಿಲು ತಟ್ಟಿದಳು. ಕೂರಲು ಹೇಳಿದರೂ ಕೂರಲಿಲ್ಲ. ರಿಜಿಸ್ಟರಿನಿಂದ ಬರೆದುಕೊಂಡಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿದರು. ಕೊನೆಗೆ ಬಂದು ಮತ್ತೆ ಮೊದಲಿಗೆ ಹೋದರು.

"ಇದನ್ನ ಆಗಲೇ ಯಾಕೆ ಹೇಳಲಿಲ್ಲ ನೀವು?" ದನಿ ಗಡುಸಾಗಿತ್ತು.

"ಎಷ್ಟು ಹೊತ್ತು ಕಾಯಿಸಿದೆ ಅಂತ ಯಾರೂ ಕೇಳಲಿಲ್ಲ ಸರ್. ಫಾರ್ಮಲ್ಲಿ ಆ ಕಾಲಮ್ಮೇ ಇರಲಿಲ್ಲ. ಕೇಳದಿದ್ರೂ ನಾನು ಹೇಳಬೇಕಿತ್ತು. ಕೆಂಪಗೆ ಕಂಡಿದ್ದು ನಿಜ."

"ಫಾರ್ಮ್ ಮಾಡಿದವನು ನಾನು" ಅಂದರು ಕೊನೆಗೆ. "ನಡೀರಿ, ಫ್ರೀಜರ್ ತೆಗೆಯೋಣ."

ಲೆಕ್ಕದವಳನ್ನೂ ಕರೆದರು. ಉಳಿದಿದ್ದ ಮಾದರಿಗಳನ್ನು ಹೊರತೆಗೆದು, ಕರಗಿಸಿ, ಬಿಳಿ ಕಾಗದದ ಮೇಲೆ ಸಾಲಾಗಿ ನಿಲ್ಲಿಸಿದರು. ಯಂತ್ರವೇನೂ ಬೇಕಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಸಾಲಿನ ತುಂಬ ತಿಳಿಹಳದಿ, ಮಧ್ಯೆ ಮಧ್ಯೆ ನಸುಗೆಂಪು. ಚಿತ್ರದಲ್ಲಿ ಮೇಲಿದ್ದ ಹತ್ತೊಂಬತ್ತರಲ್ಲಿ ಹದಿನಾರು ಕೆಂಪು. ಆಮೇಲೆ ಯಂತ್ರದಲ್ಲಿ ಕೆಂಪಿನ ಪ್ರಮಾಣ ಅಳೆದದ್ದೂ ಆಯಿತು, ಲೆಕ್ಕದವಳು ಎರಡು ದಿನ ಕೂತು ಲೆಕ್ಕ ಮತ್ತೆ ಹಾಕಿದ್ದೂ ಆಯಿತು. ಅವರು ಹಿಡಿದಿದ್ದ ಅಣು ಕೆಂಪು ಕಣದ ಒಳಗೆ ರಾಶಿ ರಾಶಿ ಇರುವಂಥದ್ದು. ಅದು ಶ್ವಾಸಕೋಶದ ಸುದ್ದಿ ತಂದಿರಲಿಲ್ಲ, ಅಂಗಳದ ಸುದ್ದಿ ತಂದಿತ್ತು.

"ಎಷ್ಟು ಚೆನ್ನಾಗಿತ್ತು ನನ್ನ ಗ್ರಾಫು" ಅಂದಳು ಲೆಕ್ಕದವಳು. ಅಳಬೇಕೋ ನಗಬೇಕೋ ಅವಳಿಗೇ ತಿಳಿಯಲಿಲ್ಲ. ಎರಡನ್ನೂ ಒಂದಿಷ್ಟಿಷ್ಟು ಮಾಡಿ, ಮೂಗು ಒರೆಸಿಕೊಂಡು, "ಅಕ್ಕಾ, ಮೂರು ಗಂಟೆ ಬಿಟ್ಟು ತೆಗೆದ ಟ್ಯೂಬುಗಳು ಹೇಗಿವೆ?" ಎಂದು ಕೇಳಿದಳು. ಅವು ಬಹುಪಾಲು ತಿಳಿಯಾಗಿದ್ದವು. ಅಷ್ಟು ಹೊತ್ತಿಗೆ ರೋಗಿಗಳು ದೊಡ್ಡ ಕಟ್ಟಡ ಸೇರಿರುತ್ತಿದ್ದರು. ಕೆಲಸವನ್ನು ಅಲ್ಲಿಂದ ಮತ್ತೆ ಶುರುಮಾಡಬಹುದಿತ್ತು. ದೊಡ್ಡ ಡಾಕ್ಟರು ಸಮ್ಮೇಳನದವರಿಗೆ ಪತ್ರ ಬರೆದು ತಮ್ಮ ಮಂಡನೆಯನ್ನು ಹಿಂತೆಗೆದುಕೊಂಡರು. ಕಾರಣ ಮುಚ್ಚಿಡಲಿಲ್ಲ.

ಸೊಳ್ಳೆಯಕ್ಕನಿಗೆ ಇನ್ನೊಂದು ಕೆಲಸ ಬಾಕಿ ಇತ್ತು. ಶನಿವಾರ ಬೆಳಿಗ್ಗೆ ಅವಳು ಟೈಲರಮ್ಮನ ಅಂಗಡಿಗೆ ಹೋದಳು. ಬಾಗಿಲಲ್ಲೇ ಕಂಡ ಟೈಲರಮ್ಮ ಕತ್ತರಿ ಕೆಳಗಿಟ್ಟು ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

"ನಿಮಗೆ ಒಂದು ಮಾತು ಹೇಳ್ಬೇಕಿತ್ತು ಅಕ್ಕ. ನೀವು ಅವತ್ತು ಹೇಳಿದ್ದಕ್ಕೆ ನನ್ನ ಮಗಳು ಉಳಿದಳು."

ಸೊಳ್ಳೆಯಕ್ಕನಿಗೆ ಅರ್ಥವಾಗಲಿಲ್ಲ.

"ಜೀನಲ್ಲೇ ಇದೆ ಅಂದ್ರಲ್ಲ. ಅಪ್ಪನಿಗಿದ್ದದ್ದು ಮಗಳಿಗೆ ಬರದೆ ಇರುತ್ತಾ? ಇವಳು ಬಂದರಿನಲ್ಲಿ ಕ್ರೇನ್ ನಡೆಸೋದು ಕಲೀತಿದ್ದಳು. ಅಷ್ಟು ಎತ್ತರದ ಗೂಡಲ್ಲಿ ಒಬ್ಬಳೇ ಕೂತಿರೋದು. ಅಲ್ಲಿ ಉಸಿರು ನಿಂತ್ರೆ ಹತ್ತಿ ಹೋಗಿ ಇಳಿಸೋರು ಯಾರು? ಬಿಡಿಸಿಬಿಟ್ಟೆ. ಕಾಲು ಹಿಡ್ಕೊಂಡು ಬಿಡಿಸಿದೆ ಅಂತಾನೇ ತಿಳ್ಕೊಳ್ಳಿ."

ಒಳಗಿನ ಮೂಲೆಯಲ್ಲಿ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿಯೊಬ್ಬಳು ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. ದಾರ ಎಳೆಯುವ ರೀತಿಯಲ್ಲೇ ಅವಳಿಗೆ ಆ ಕೆಲಸ ಎಷ್ಟು ಬೇಡವಾಗಿದೆಯೆಂದು ಗೊತ್ತಾಗುತ್ತಿತ್ತು.

ತಾನು ಬಂದದ್ದು ಒಂದು ತಪ್ಪು ಹೇಳಿಕೊಳ್ಳಲು, ಇಲ್ಲಿ ಅದರ ಬೆನ್ನಿಗೆ ಇನ್ನೊಂದು ಬೆಳೆದು ನಿಂತಿದೆ. ಅವಳು ಸ್ಟೂಲು ಎಳೆದುಕೊಂಡು ಕೂತಳು.

"ಟೈಲರಮ್ಮ, ನಾನು ಅವತ್ತು ಹೇಳಿದ್ದು ತಪ್ಪು. ಹೇಳಲೇಬಾರದಿತ್ತು, ಹೇಳಿದ ರೀತಿನೂ ತಪ್ಪು. ಆಮೇಲೆ ನೋಡಿದ್ರೆ ಆ ವಿಷಯವೇ ನಿಜ ಅಲ್ಲ. ರಕ್ತ ಬಹಳ ಹೊತ್ತು ಹಾಗೇ ಇದ್ದು ಕೆಟ್ಟಿತ್ತು. ತಡ ಮಾಡಿದವಳು ನಾನು."

ಗುಂಡಿ ಹಚ್ಚುತ್ತಿದ್ದ ಕೈ ನಿಂತಿತು.

"ಅಂದ್ರೆ?" ಅಂದಳು ಟೈಲರಮ್ಮ.

"ಅಂದ್ರೆ ಅವರ ರಕ್ತದಲ್ಲಿ ಅಂಥದ್ದೇನೂ ಸಿಕ್ಕಿಲ್ಲ. ಸಿಕ್ಕಿದ್ರೂ ಅದು ಮಗಳಿಗೆ ಬರೋವಂಥದ್ದಲ್ಲ." ಅವಳು ಸುತ್ತ ನೋಡಿದಳು. ಗೋಡೆಯ ಮೊಳೆಗೆ ಬಟ್ಟೆ ಕತ್ತರಿಸುವ ಕಾಗದದ ನಮೂನೆಗಳ ಕಟ್ಟು ತೂಗುತ್ತಿತ್ತು. "ನಿಮ್ಮ ಹತ್ರ ಈ ನಮೂನೆಗಳು ಎಷ್ಟಿವೆ?"

"ಇನ್ನೂರು ಮುನ್ನೂರು ಇರಬಹುದು."

"ಅವೆಲ್ಲಾ ಜೀನು ಅಂತ ತಿಳ್ಕೊಳ್ಳಿ. ನೀವು ಮಗಳಿಗೆ ಕೊಡೋದು ಆ ಕಟ್ಟನ್ನ. ನಾವು ನೋಡ್ತಿರೋದು ಕಟ್ಟನ್ನಲ್ಲ. ಅಂಗಡಿಗೆ ಬೆಂಕಿ ಬಿದ್ದ ಗಳಿಗೇಲಿ ಯಾವ ನಮೂನೆ ಎಳೆದ್ರಿ, ಯಾವುದನ್ನ ಮಡಚಿಟ್ರಿ ಅನ್ನೋದನ್ನ. ಅದು ಆ ಗಳಿಗೆಯದು. ಮನೆತನಕ್ಕೆ ಸೇರಿದ್ದಲ್ಲ."

"ಮತ್ತೆ ನಮ್ಮವರಿಗೆ ಹೆಪ್ಪು ಯಾಕೆ ಕಟ್ತು?"

"ಮುರಿದ ಕಾಲು, ಪ್ಲಾಸ್ಟರು, ಮೂರೂವರೆ ವಾರ ಅಲ್ಲಾಡದೆ ಮಲಗಿದ್ದು. ಡಾಕ್ಟರು ಅವತ್ತೇ ಬರೆದಿದ್ದಾರೆ. ಹೆಪ್ಪುಗಟ್ಟೋ ಗುಣ ರಕ್ತಸಂಬಂಧದಲ್ಲೇ ಬರೋ ಕೆಲವು ಮನೆಗಳೂ ಇವೆ, ಇಲ್ಲ ಅನ್ನಲ್ಲ. ಅದಕ್ಕೆ ಬೇರೆ ಪರೀಕ್ಷೆ ಇದೆ. ಅನುಮಾನ ಇದ್ರೆ ನಾನೇ ಕರ್ಕೊಂಡು ಹೋಗಿ ಮಾಡಿಸ್ತೀನಿ."

ಮಗಳು ಎದ್ದು ಬಂದಳು. ಅವಳ ಮಾತಿನಲ್ಲಿ ಕೂಗಾಟವಿರಲಿಲ್ಲ, ಅದೇ ಹೆಚ್ಚು ನಾಟಿತು.

"ಮೂರು ವಾರದ ಹಿಂದೆ ಕೊನೇ ಪರೀಕ್ಷೆ ಇತ್ತು ಆಂಟಿ. ಹನ್ನೊಂದು ಜನ ಬರೆದ್ರು. ನಾನು ಇಲ್ಲಿ ಕೂತು ಗುಂಡಿ ಹಚ್ಚಿದೆ. ನಮ್ಮಮ್ಮ ದಿನಕ್ಕೆ ಹತ್ತು ಸಲ ನನ್ನ ಎದೆ ಮೇಲೆ ಕೈ ಇಟ್ಟು ನೋಡ್ತಾರೆ. ಮೆಟ್ಟಿಲು ಹತ್ತುವಾಗ ನನಗೇ ಏದುಸಿರು ಬಂದ ಹಾಗೆ ಆಗುತ್ತೆ. ನಿಮ್ಮ ಒಂದು ಮಾತಿಗೆ."

"ಹೌದು" ಅಂದಳು ಸೊಳ್ಳೆಯಕ್ಕ. ಬೇರೆ ಏನು ಹೇಳಿದರೂ ಜಾರಿಕೊಂಡಂತಾಗುತ್ತಿತ್ತು.

ಟೈಲರಮ್ಮ ಮೇಜಿನ ಮೇಲಿದ್ದ ಬಟ್ಟೆಯ ಸುಕ್ಕು ತೀಡಿದಳು. "ಹಾಗಾದ್ರೆ ಅವರು ಕೊಟ್ಟ ರಕ್ತ ದಂಡ ಆಯ್ತು."

"ಮೊದಲನೇ ಸಲದ್ದು ದಂಡ ಆಯ್ತು. ಮೂರು ಗಂಟೆ ಬಿಟ್ಟು ತೆಗೆದದ್ದು ಚೆನ್ನಾಗಿದೆ, ನಾನೇ ನೋಡಿದೆ. ಅದು ಲೆಕ್ಕಕ್ಕೆ ಬರುತ್ತೆ. ಅದರಿಂದ ಏನು ಗೊತ್ತಾಗುತ್ತೋ ಇಲ್ವೋ, ಈಗ ಮಾತು ಕೊಡಲ್ಲ."

"ಕೊಡ್ಬೇಡಿ" ಅಂದಳು ಟೈಲರಮ್ಮ. ಸಿಟ್ಟಿತ್ತು, ಆದರೆ ಎದ್ದು ಹೋಗಿ ಎನ್ನಲಿಲ್ಲ.

ಸೋಮವಾರ ಸೊಳ್ಳೆಯಕ್ಕ ಇದನ್ನೂ ದೊಡ್ಡ ಡಾಕ್ಟರಿಗೆ ಹೇಳಿದಳು. ಈ ಸಲ ಅವರು ನಿಜವಾಗಿ ರೇಗಿದರು. ಟ್ಯೂಬು ಕಾದದ್ದರ ತಪ್ಪು ಹಂಚಿಕೊಳ್ಳಲು ಇಬ್ಬರಿದ್ದರು, ಇದು ಪೂರ್ತಿ ಅವಳದೇ. ವಿಷಯ ನೀತಿ ಸಮಿತಿಗೆ ಹೋಯಿತು. ಅವಳಿಗೆ ಬರಹದಲ್ಲಿ ಎಚ್ಚರಿಕೆ ಬಂತು. ಎರಡು ತಿಂಗಳು ರೋಗಿಗಳ ಮನೆಯವರ ಜೊತೆ ಮಾತಾಡುವ ಕೆಲಸದಿಂದ ದೂರ ಇಟ್ಟರು. ಆ ಎರಡು ತಿಂಗಳು ಪ್ರಯೋಗಾಲಯದಲ್ಲಿ ಕೂತು ಮೂರು ಗಂಟೆಯ ಟ್ಯೂಬುಗಳನ್ನು ಬಣ್ಣ ನೋಡಿ ಬೇರ್ಪಡಿಸಿದಳು. ಆ ಟ್ಯೂಬುಗಳ ಫಲ ತಿಳಿಯಲು ಮತ್ತೊಂದು ವರ್ಷ ಹಿಡಿಯಿತು. ಬೇರೊಂದು ಅಣುವಿನಲ್ಲಿ ಸಣ್ಣ ವ್ಯತ್ಯಾಸ ಕಂಡಿತು. ಇನ್ನೂ ಮುನ್ನೂರು ಜನರನ್ನು ನೋಡದೆ ಏನೂ ಹೇಳಲಾಗದು ಎಂದು ದೊಡ್ಡ ಡಾಕ್ಟರು ಬರೆದರು. ಪ್ರಬಂಧ ಸಣ್ಣ ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

ಟೈಲರಮ್ಮನ ಮಗಳನ್ನು ದೊಡ್ಡ ಡಾಕ್ಟರೇ ಕರೆಸಿ ಪರೀಕ್ಷಿಸಿದರು. ಹೆಪ್ಪುಗಟ್ಟುವ ಗುಣವೇನೂ ಇರಲಿಲ್ಲ. ಹಾಗೆಂದು ಕಾಗದ ಬರೆದು ಕೊಟ್ಟರು, ಅವಳು ಪರೀಕ್ಷೆಗೆ ಯಾಕೆ ಬರಲಿಲ್ಲವೆಂದು ಬಂದರಿನ ತರಬೇತಿ ಕೇಂದ್ರಕ್ಕೂ ಒಂದು ಪತ್ರ ಬರೆದರು. ಆದರೂ ಮುಂದಿನ ತಂಡದವರೆಗೆ ಐದು ತಿಂಗಳು ಕಾಯಬೇಕಾಯಿತು. ಆ ಐದು ತಿಂಗಳು ಹುಡುಗಿ ಸೊಳ್ಳೆಯಕ್ಕನನ್ನು ಕಂಡರೆ ತಲೆಯಾಡಿಸುತ್ತಿದ್ದಳು, ಅಷ್ಟೇ. ಮಾತಾಡಿಸುತ್ತಿರಲಿಲ್ಲ. ಅದು ನ್ಯಾಯವೆಂದೇ ಸೊಳ್ಳೆಯಕ್ಕ ತಿಳಿದಳು.

ಹುಡುಗಿ ಪಾಸಾಗಿ ಕೆಲಸಕ್ಕೆ ಸೇರಿದ ಎರಡನೆಯ ವಾರ ಟೈಲರಮ್ಮ ಫೋನ್ ಮಾಡಿ, "ಬಂದರು ನೋಡೋಕೆ ಹೋಗ್ತಿದೀನಿ. ಒಬ್ಬಳೇ ಹೋಗೋಕೆ ಧೈರ್ಯ ಸಾಲ್ತಿಲ್ಲ, ಬರ್ತೀರಾ?" ಎಂದು ಕೇಳಿದಳು. ಸೊಳ್ಳೆಯಕ್ಕ ಅರ್ಧ ದಿನ ರಜೆ ಹಾಕಿ ಹೊರಟಳು.

ಇಬ್ಬರೂ ತಂತಿಬೇಲಿಯ ಹೊರಗೆ ನಿಂತರು. ನಾಲ್ಕು ಕ್ರೇನುಗಳು ನೀರಿನಂಚಿಗೆ ಸಾಲಾಗಿ ನಿಂತಿದ್ದವು. ಎರಡನೆಯದು ಮಗಳದು. ತುದಿಯಲ್ಲಿ ಗಾಜಿನ ಗೂಡು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು, ಒಳಗೆ ಯಾರಿದ್ದಾರೆಂದು ಕೆಳಗಿನಿಂದ ತಿಳಿಯುತ್ತಿರಲಿಲ್ಲ. ಟೈಲರಮ್ಮ ಕತ್ತು ಹಿಂದಕ್ಕೆ ಚಾಚಿ ನೋಡಿದಳು.

"ಇಷ್ಟು ಎತ್ತರ ಅಂತ ಇವಳು ಹೇಳಿರಲೇ ಇಲ್ಲ" ಅಂದಳು. "ಮೊದಲೇ ನೋಡಿದ್ರೆ ಯಾವ ಜೀನೂ ಬೇಕಾಗಿರಲಿಲ್ಲ, ಆಗಲೇ ಬೇಡ ಅಂತಿದ್ದೆ."

"ಈಗ?"

"ಈಗ ಹೇಳಿದ್ರೆ ಕೇಳ್ತಾಳಾ?"

ಕ್ರೇನಿನ ತೋಳು ನಿಧಾನಕ್ಕೆ ತಿರುಗಿತು. ಹಡಗಿನ ಮೇಲಿಂದ ಒಂದು ಕಬ್ಬಿಣದ ಪೆಟ್ಟಿಗೆ ಎದ್ದು, ಗಾಳಿಯಲ್ಲಿ ಸ್ವಲ್ಪವೂ ತೂಗಾಡದೆ ಬಂದು, ಕಾದು ನಿಂತಿದ್ದ ಲಾರಿಯ ಮೇಲೆ ಕೂತಿತು. ಲಾರಿ ಹೊರಟುಹೋಯಿತು, ಹಿಂದೆ ಇನ್ನೊಂದು ಬಂತು. ಟೈಲರಮ್ಮ ಆರು ಪೆಟ್ಟಿಗೆ ಇಳಿಯುವವರೆಗೆ ನೋಡಿದಳು. ಆಮೇಲೆ ಕತ್ತು ನೋಯುತ್ತಿದೆ ಅಂದಳು. ಇಬ್ಬರೂ ಬಸ್ ಸ್ಟಾಪಿನ ಕಡೆ ನಡೆದರು.